ಉಪ್ಪಿಲ್ಲದ ಸಮುದ್ರ

ಫಿನ್‌ಲೆಂಡಿನ ಹೆಲ್ಸಿಂಕಿಗೆ ಬಂದ ಮೂರನೇ ದಿನವೇ ಆಯಿ ಸಮುದ್ರ ನೋಡಬೇಕು ಎಂದಳು. ಹುಟ್ಟಿ ಬೆಳೆದದ್ದೆಲ್ಲ ಕುಮಟಾದಲ್ಲಿ, ಬಿಟ್ಟೀತೇ? ಲೌತ್ತಸಾರಿಯ ದಡಕ್ಕೆ ಕರೆದುಕೊಂಡು ಹೋದೆ. ಚಪ್ಪಲಿ ಬಿಟ್ಟು ನೀರಿಗೆ ಇಳಿದವಳೇ, ಸಾರಿನ ರುಚಿ ನೋಡುವ ಹಾಗೆ ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟಳು. "ಉಪ್ಪೇ ಇಲ್ಲವಲ್ಲ ಇದಕ್ಕೆ!"

ಸುಳ್ಳಲ್ಲ. ಅರಬ್ಬಿ ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಆಸುಪಾಸು ಉಪ್ಪಿದ್ದರೆ, ಇಲ್ಲಿ ಬಾಲ್ಟಿಕ್‌ನಲ್ಲಿ ಐದಾರು ಗ್ರಾಂ ಅಷ್ಟೇ. ನದಿಗಳ ನೀರು ಜಾಸ್ತಿ, ಹೊರಗಿನ ಸಾಗರಕ್ಕೆ ಇರುವ ಬಾಗಿಲು ಡೆನ್ಮಾರ್ಕ್ ಹತ್ತಿರದ ಸಣ್ಣ ಜಲಸಂಧಿ. ಇಡೀ ನೀರು ಬದಲಾಗಲು ಸುಮಾರು 30 ವರ್ಷ ಬೇಕಂತೆ. ಅಂದರೆ ಒಳಗೆ ಬಿದ್ದದ್ದು ಒಳಗೇ.

ಮುಂದಿನ ವಾರ ಬಿಸಿಲು ಏರಿತು. ಮಗಳನ್ನು ಈಜಿಸೋಣ ಎಂದು ಹೋದರೆ ದಡದ ತುಂಬ ಹಸಿರು ಗಂಜಿ. ಇಲ್ಲಿಯವರು ಇದಕ್ಕೆ 'ಸಿನಿಲೆವಾ' ಎನ್ನುತ್ತಾರೆ, ನೀಲಿ ಪಾಚಿ ಎಂದು ಅರ್ಥ. ವಿಷವೂ ಇರಬಹುದು. ಕಡ್ಡಿಯಲ್ಲಿ ಎತ್ತಿ ನೋಡಬೇಕು. ಎಳೆ ಎಳೆಯಾಗಿ ಕಡ್ಡಿಗೆ ಸುತ್ತಿಕೊಂಡರೆ ಬೇರೆ ಪಾಚಿ, ಪುಡಿ ಪುಡಿಯಾಗಿ ನೀರಲ್ಲೇ ಚದುರಿದರೆ ಇದೇ. ಚದುರಿತು. ಇನ್ನೊಂದು ಪರೀಕ್ಷೆಯೂ ಇದೆ ಎಂದು ಗಾಜಿನ ಲೋಟದಲ್ಲಿ ಸ್ವಲ್ಪ ನೀರು ಮನೆಗೆ ತಂದೆ.

"ಯಾರು ಗಲೀಜು ಮಾಡಿದ್ದು?" ಎಂದು ಆಯಿ ಕೇಳಿದಳು.

ಎಲ್ಲರೂ. ಹೊಲದ ಗೊಬ್ಬರ, ಊರಿನ ಕೊಳಚೆ, ಅದರಲ್ಲಿನ ರಂಜಕ ಮತ್ತು ಸಾರಜನಕ. ಪಾಚಿಗೂ ಇವೇ ಗೊಬ್ಬರ. ಸುತ್ತ 9 ದೇಶಗಳಿವೆ. 1974ರಲ್ಲಿ ಇದೇ ಹೆಲ್ಸಿಂಕಿಯಲ್ಲಿ ಕೂತು ಈ ಸಮುದ್ರವನ್ನು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಸೋವಿಯತ್ ಒಕ್ಕೂಟವೂ ಇತ್ತು, ಎರಡೂ ಜರ್ಮನಿಗಳೂ ಇದ್ದವು. ಶೀತಲ ಸಮರದ ಕಾಲ! ಬೇರೆ ಎಲ್ಲದಕ್ಕೂ ಜಗಳ, ಕೊಳಚೆಗೆ ಮಾತ್ರ ಒಂದೇ ಮೇಜು.

ನನಗೆ ಇಷ್ಟವಾದ ಕತೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನದು. ಆ ಊರಿನ ಎಷ್ಟೋ ಚರಂಡಿಗಳು ಶುದ್ಧೀಕರಣವೇ ಇಲ್ಲದೆ ಫಿನ್‌ಲೆಂಡ್ ಕೊಲ್ಲಿಗೆ ಬೀಳುತ್ತಿದ್ದವು. ಅರ್ಧ ಕಟ್ಟಿ ನಿಂತಿದ್ದ ಒಂದು ದೊಡ್ಡ ಘಟಕಕ್ಕೆ ಫಿನ್‌ಲೆಂಡ್, ಸ್ವೀಡನ್ ಎಲ್ಲ ಸೇರಿ ದುಡ್ಡು ಹಾಕಿದವು. 2005ರಲ್ಲಿ ಅದು ಶುರುವಾಯಿತು. ಅದೇ ದುಡ್ಡಿನಲ್ಲಿ ಸ್ವಂತ ಊರಲ್ಲಿ ತಡೆಯಬಹುದಾದ ರಂಜಕಕ್ಕಿಂತ ಅಲ್ಲಿ ತಡೆಯುವುದು ಎಷ್ಟೋ ಜಾಸ್ತಿ ಎಂಬ ಲೆಕ್ಕ. ಧರ್ಮವಲ್ಲ, ಅಪ್ಪಟ ವ್ಯವಹಾರ.

ಆಯಿಗೆ ಇದು ತಟ್ಟನೆ ಅರ್ಥವಾಯಿತು. ನಮ್ಮ ಹಿಂದಿನ ಮನೆಯವರ ಬಚ್ಚಲ ನೀರು ನಮ್ಮ ತೋಟಕ್ಕೆ ಹರಿಯುತ್ತಿತ್ತು. ನಾಲ್ಕು ವರ್ಷ ಮಾತು ಬಿಟ್ಟು ಕೂತಿದ್ದರು. ಕೊನೆಗೆ ಅಪ್ಪಯ್ಯನೇ ಖರ್ಚು ಹಾಕಿ ಅವರ ಅಂಗಳದಲ್ಲಿ ಗುಂಡಿ ತೋಡಿಸಿದ. "ಕೊಳೆಯುತ್ತಿದ್ದದ್ದು ನಮ್ಮ ಅಡಿಕೆ ಮರದ ಬೇರು ಅಲ್ವಾ?" ಎಂದಳು.

ಹಾಗಂತ ಪೂರ್ತಿ ರಷ್ಯಾದ ತಲೆಗೆ ಕಟ್ಟುವ ಹಾಗಿಲ್ಲ. ಫಿನ್‌ಲೆಂಡಿನ ಸ್ವಂತ ಹೊಲಗಳಿಂದಲೂ ಬೇಕಾದಷ್ಟು ಗೊಬ್ಬರ ಹರಿದು ಬರುತ್ತದೆ. ಈಗ ಹೊಲಕ್ಕೆ ಜಿಪ್ಸಂ ಹರಡಿ ರಂಜಕವನ್ನು ಮಣ್ಣಿನಲ್ಲೇ ಹಿಡಿದಿಡಲು ನೋಡುತ್ತಿದ್ದಾರೆ. ಇನ್ನು ತಳದಲ್ಲಿ ಕೂತ ಹಳೆಯ ರಂಜಕವೋ, ಆಮ್ಲಜನಕ ಮುಗಿದಾಗೆಲ್ಲ ಮತ್ತೆ ಮೇಲೆ ಬರುತ್ತದೆ. ನಿನ್ನೆ ಮೊನ್ನೆಯ ಪಾಪವಲ್ಲ ಇದು.

2022ರಲ್ಲಿ ರಷ್ಯಾ ಯುಕ್ರೇನ್ ಮೇಲೆ ಯುದ್ಧಕ್ಕೆ ಹೋದ ಮೇಲೆ ಉಳಿದವರು ಅದರ ಜೊತೆ ಒಂದೇ ಮೇಜಿಗೆ ಕೂರುವುದನ್ನು ನಿಲ್ಲಿಸಿದ್ದಾರೆ. ಒಪ್ಪಂದದಲ್ಲಿ ರಷ್ಯಾ ಇನ್ನೂ ಇದೆ. ಯುದ್ಧ ಮಾಡುವವರ ಜೊತೆ ಏನು ಮಾತು ಎನ್ನುವುದು ನನಗೂ ಸರಿಯೇ ಅನಿಸುತ್ತದೆ. ಪೀಟರ್ಸ್‌ಬರ್ಗಿನ ನೆವಾ ನದಿ ಮಾತ್ರ ಸುಮ್ನೆ ಹರಿದು ಬರುತ್ತಲೇ ಇದೆ.

ಇಷ್ಟು ಮಾತಾಡುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಅಡುಗೆಮನೆ ಕಿಟಕಿಯಲ್ಲಿಟ್ಟ ಲೋಟದ ಮೇಲೆ ಹಸಿರು ಪುಡಿ ಕೆನೆ ಕಟ್ಟಿದ ಹಾಗೆ ತೇಲಿ ನಿಂತಿತ್ತು. ನೀಲಿ ಪಾಚಿಯೇ, ಸಂಶಯವಿಲ್ಲ. ಆಯಿ ಲೋಟ ಎತ್ತಿಕೊಂಡು ಬಾಲ್ಕನಿ ಕಡೆ ಹೊರಟಳು.

"ಎಲ್ಲಿಗೆ ಆಯಿ?"

"ತುಳಸಿಗೆ ಹಾಕ್ತೆ. ಗೊಬ್ಬರವೇ ಅಂದ್ಯಲ್ಲ ನೀನು."