ಕತ್ತಲಾದ ಮೇಲೆ ಬರುವ ಘಮ

ಸಂಜೆ ಏಳಕ್ಕೆ ಕರೆಂಟ್ ಹೋಯ್ತು. ಜಗಲಿಯ ಕತ್ತಲಲ್ಲಿ ಮೊದಲು ಬಂದದ್ದು ಘಮ, ಆಮೇಲೆ ಕಂಡದ್ದು ಹೂವಿನ ತುಟಿಯಂಥ ಬಿಳಿ ಎಸಳು. ಬ್ರಸಾವೋಲ ನೊಡೋಸ ಎಂಬ ಆರ್ಕಿಡ್, ಅಂದರೆ ಸೀತಾಳೆ, ಅರಳಿದೆ.

ಮಧ್ಯಾಹ್ನ ಇದೇ ಹೂವಿಗೆ ಮೂಗು ತಾಗಿಸಿದರೂ ಏನೂ ಇರಲ್ಲ. ಕತ್ತಲಾದ ಮೇಲೆ ನಿಂಬೆ ಹೂವಿನ ಹಾಗೆ ತಿಳಿಯಾದ ಸಿಹಿ ವಾಸನೆ, ಬೆಳಗಾದರೆ ಮತ್ತೆ ಮಾಯ. ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ಉತ್ತರ ತುದಿವರೆಗಿನ ಸೀತಾಳೆ ಇದು. ಅಲ್ಲಿ ಪರಾಗ ಒಯ್ಯುವುದು ರಾತ್ರಿ ಹಾರುವ ಪತಂಗ. ಹಗಲಲ್ಲಿ ಯಾರಿಗೆ ಘಮಿಸಬೇಕು ಹೇಳಿ? ಹಸಿರು ಮಿಶ್ರಿತ ಐದು ಸಪೂರ ಎಸಳು, ನಡುವೆ ಹೃದಯದಾಕಾರದ ಅಚ್ಚ ಬಿಳಿ ತುಟಿ. ಕತ್ತಲಲ್ಲಿ ಕಾಣಲೆಂದೇ ಇರುವ ಬಿಳುಪು ಅದು.

ಎಲೆ ಪೆನ್ಸಿಲ್ಲಿನ ಹಾಗೆ ದಪ್ಪ, ಒಳಗೆ ನೀರು ತುಂಬಿಟ್ಟುಕೊಳ್ಳುತ್ತೆ. ನಮ್ಮ ಕೊಡಗಿನ ಮಳೆಯಲ್ಲಿ ಕಷ್ಟ ಬರುವುದೇ ಇಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡದಲ್ಲಿ ಬಿಟ್ಟರೆ ಬೇರು ಕೊಳೆಯುತ್ತೆ. ಹಳೇ ಕಾಫಿ ಬೊಡ್ಡೆಗೆ ಕಟ್ಟಿ, ಸೂರಿನ ಕೆಳಗೆ ಗಾಳಿ ಆಡುವಲ್ಲಿ ನೇತುಹಾಕಿ. ಕುಂಡವೇ ಬೇಕೆಂದರೆ ದಪ್ಪ ಇದ್ದಿಲು, ಹೆಂಚಿನ ಚೂರು ಸಾಕು, ಮಣ್ಣು ಬೇಡವೇ ಬೇಡ. ಬೇರು ಬೆಳ್ಳಗೆ ಒಣಗಿದ ಮೇಲಷ್ಟೇ ಮತ್ತೆ ನೀರು.

ಗಿಡ ಚೆನ್ನಾಗಿದೆ, ಹೂ ಮಾತ್ರ ಇಲ್ಲ ಅಂತೀರಾ? ಎಲೆ ನೋಡಿ. ಕಡುಹಸಿರು ಇದ್ದರೆ ಬೆಳಕು ಸಾಲದು. ಕಾಫಿ ತೋಟದ ದಟ್ಟ ನೆರಳು ಇದಕ್ಕೆ ಆಗಲ್ಲ. ಬೆಳಗಿನ ಎಳೆ ಬಿಸಿಲು ಮೂರ್ನಾಲ್ಕು ಗಂಟೆ ಸಿಕ್ಕಿದರೆ ಎಲೆ ತಿಳಿಹಸಿರಾಗುತ್ತೆ, ಅಂಚಿಗೆ ತುಸು ಕೆಂಪು ಬರುತ್ತೆ. ಅದೇ ಹದ.

ಮಳೆ ಕಳೆದ ಮೇಲೆ ಹದಿನೈದು ದಿನಕ್ಕೊಮ್ಮೆ ಲೀಟರ್ ನೀರಿಗೆ 1 ಗ್ರಾಂ 20-20-20 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವುದು). ಮೊಗ್ಗು ಕಂಡಮೇಲೆ ಗಿಡದ ಜಾಗ ಬದಲಿಸಬೇಡಿ, ಉದುರಿಬಿಡುತ್ತೆ.

ಕರೆಂಟ್ ಇನ್ನೂ ಬಂದಿಲ್ಲ. ಘಮ ಈಗ ಅಡುಗೆಮನೆವರೆಗೂ ಬಂದಿದೆ.