ಮೊರೇರ ಬೆಟ್ಟಕ್ಕೆ ನಡೆದು ಹೋದ ದಿನ

ಗಂಗಾವತಿಯಲ್ಲಿ ಬಿ.ಎ. ಓದುವಾಗ ನಾವು ಹಾಸ್ಟೆಲ್ ಗೆಳೆಯರು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಕಾರಟಗಿ, ಕನಕಗಿರಿ, ತಾವರಗೇರಿ. ನಾನು ಸಿಂಧನೂರು. ಕಾಲೇಜಿನ ಸಂಚಿಕೆಗೆ ಬರೆಯಿರಿ ಎಂದು ಕೇಳಿದ ಕೂಡಲೇ ನನಗೆ ನೆನಪಾದದ್ದು ನಾವು ನಾಲ್ವರು ಹಿರೇಬೆಣಕಲ್‌ಗೆ ನಡೆದು ಹೋದ ಆ ಡಿಸೆಂಬರ್ ಭಾನುವಾರ.

ಅದಕ್ಕೆ ಕಾರಣ ನಮ್ಮ ಇತಿಹಾಸದ ಸರ್. ದೊಡ್ಡ ದೊಡ್ಡ ಕಲ್ಲುಗಳಿಂದ ಸ್ಮಾರಕ ಕಟ್ಟುತ್ತಿದ್ದ ಬೃಹತ್ ಶಿಲಾಯುಗದ ಪಾಠ ಮಾಡುತ್ತಾ, "ಇದನ್ನ ನೋಡಾಕ ದೂರ ಹೋಗಬೇಕಿಲ್ಲ. ನಮ್ಮ ಬಾಜೂಕ ಹಿರೇಬೆಣಕಲ್ ಗುಡ್ಡದ ಮ್ಯಾಲೆ ಅಂಥ ಕಲ್ಲಿನ ಮನಿ ನಾನೂರರಷ್ಟು ಅದಾವ" ಎಂದಿದ್ದರು. ಬಸ್ಸಿಗೆ ಹೋಗಬಹುದಿತ್ತು. ಹತ್ತು ಕಿಲೋಮೀಟರ್ ಅಷ್ಟೇ ಅಲ್ವಾ, ನಡೆದೇ ಹೋಗೋಣ ಎಂದ ತಾವರಗೇರಿ.

ಕತ್ತಲಿದ್ದಾಗಲೇ ಹೊರಟೆವು. ಭತ್ತದ ಕೊಯ್ಲು ನಡೆದಿತ್ತು. ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಅದರ ಪಕ್ಕ ಚಾದರ ಹೊದ್ದು ಮಲಗಿದ್ದವರನ್ನು ದಾಟಿ ನಡೆದೆವು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಈ ಸೀಮೆ ಹೀಗಾಯಿತು. ಅದಕ್ಕೂ ಮೊದಲು ಇಲ್ಲಿ ಜೋಳ, ಸಜ್ಜೆ ಜಾಸ್ತಿ ಇತ್ತು ಎಂದು ನನ್ನ ಅಜ್ಜ ಹೇಳುತ್ತಿದ್ದರು.

ಹಿರೇಬೆಣಕಲ್ ದಾಟಿ ಗುಡ್ಡದ ಬುಡಕ್ಕೆ ಬಂದಾಗ ಕುರಿ ಕಾಯುವ ಅಜ್ಜ ಒಬ್ಬರು ಸಿಕ್ಕರು. "ಎತ್ತಾಗ ಹೊಂಟೀರಿ ತಮ್ಮಾ? ನೀರು ತಂದೀರೇನು?" ಎಂದರು. ದಾರಿ ತೋರಿಸಿ, "ಮಾತಾಡ್ಕೋಂತ ನಡೀರಿ. ಪೊದಿಯಾಗ ಕರಡಿ ಇರ್ತಾವ" ಎಂದರು. ಆಮೇಲೆ ನಮ್ಮ ಬಾಯಿಗೆ ಬಿಡುವೇ ಇರಲಿಲ್ಲ.

ಮೇಲೆ ಹತ್ತಿದ ಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಚಪ್ಪಡಿ ಕಲ್ಲಿನ ಮನೆಗಳು ಓಣಿಯಂತೆ ಸಾಲುಗಟ್ಟಿ ನಿಂತಿವೆ. ಗೋಡೆಗೆ ನಿಲ್ಲಿಸಿದ ಚಪ್ಪಡಿ, ಮೇಲೆ ಮುಚ್ಚಿದ ಚಪ್ಪಡಿ. ಕೆಲವು ನಮಗಿಂತ ಎತ್ತರ. ಹಲವು ಮನೆಗಳ ಮುಂಗಲ್ಲಿನಲ್ಲಿ ದುಂಡನೆಯ ಕಿಂಡಿ. ಅವು ಎರಡು ಸಾವಿರ ವರ್ಷಕ್ಕೂ ಹಿಂದಿನವು. ಸತ್ತವರಿಗಾಗಿ ಕಟ್ಟಿದವು ಎನ್ನುತ್ತಾರೆ ವಿದ್ವಾಂಸರು. ಊರಿನವರ ಪ್ರಕಾರ ಅಲ್ಲಿ ಮೊರೇರು ಎಂಬ ಕುಳ್ಳ ಜನ ಬಾಳಿದ್ದರು. ಅದಕ್ಕೇ ಅದು ಮೊರೇರ ಬೆಟ್ಟ.

ಅಷ್ಟು ಭಾರದ ಕಲ್ಲನ್ನು ಹೇಗೆ ಎಬ್ಬಿಸಿದರು ಎಂದು ನಾವು ಮೂವರು ವಾದಕ್ಕೆ ನಿಂತೆವು. ಕನಕಗಿರಿ ಮಾತಾಡಲಿಲ್ಲ. ಅವನ ಅಪ್ಪ ಕಲ್ಲು ಒಡೆಯುವವರು. ರಜೆಯಲ್ಲಿ ಅವನೂ ಸುತ್ತಿಗೆ ಹಿಡಿಯುತ್ತಿದ್ದ. ಕ್ಲಾಸಿನಲ್ಲಿ ಆ ಮಾತು ಎತ್ತುತ್ತಿರಲಿಲ್ಲ. ಅವನು ಒಂದು ಕಿಂಡಿಯ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದ. ಚಪ್ಪಡಿಯ ದಪ್ಪವನ್ನು ಗೇಣಿನಿಂದ ಅಳೆದ. ಆಮೇಲೆ ನಮ್ಮನ್ನು ಅಲ್ಲೇ ಇದ್ದ ಕೆರೆಯ ಹತ್ತಿರ ಕರೆದೊಯ್ದ. "ಇದು ಕೆರಿ ಅಲ್ಲ, ಕಲ್ಲು ತೆಗೆದ ಜಾಗ. ನೋಡ್ರಿ, ಬಂಡಿಗೂ ಪದರು ಇರತೈತಿ. ಬಿಸಿಲು, ಮಳಿಗೆ ತಾನ ಬಿರೀತೈತಿ. ಆ ಬಿರುಕು ಹಿಡಿದು ಮೀಟಿದ್ರ ಚಪ್ಪಡಿ ಎದ್ದು ಬರ್ತೈತಿ. ದಡ್ಡರು ಬಂಡಿ ಕಡೀತಾರ, ಬಲ್ಲವರು ಬಂಡಿ ಎಬ್ಬಸ್ತಾರ. ನಮ್ಮಪ್ಪನ ಮಾತು ಇದು." ಆ ಗುಂಡಿಯಿಂದಲೇ ಮನೆಗಳಿಗೆ ಕಲ್ಲು ತೆಗೆದರು ಎಂಬುದನ್ನು ನಾನು ಎಷ್ಟೋ ವರ್ಷದ ಮೇಲೆ ಪುರಾತತ್ವದ ಪುಸ್ತಕದಲ್ಲಿ ಓದಿದೆ. ಓದುತ್ತಾ ನನಗೆ ಕೇಳಿಸಿದ್ದು ಅವನ ದನಿಯೇ.

ಅಲ್ಲಿ ನಗಾರಿ ಆಕಾರದ ದೊಡ್ಡ ಗುಂಡೊಂದಿದೆ. ಕಲ್ಲಿನಿಂದ ಬಡಿದರೆ ಕಂಚಿನಂತೆ ದನಿ ಕೊಡುತ್ತದೆ. ಕಾರಟಗಿ ಬಡಿದ. ಕೆಳಗಿನಿಂದ ಅಜ್ಜ ಕೂಗು ಹಾಕಿ ಉತ್ತರ ಕೊಟ್ಟರು! ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ.

ಕೆಲವು ಮನೆಗಳ ಬುಡವನ್ನು ನಿಧಿಯಾಸೆಗೆ ಯಾರೋ ಅಗೆದು ಕೆಡವಿದ್ದರು. ಕನಕಗಿರಿ ಬಿದ್ದ ಚಪ್ಪಡಿಯ ಪಕ್ಕ ಕೂತು, "ಮತ್ತ ನಿಲ್ಲಸಬಹುದು, ಆದ್ರ ಹಂಗ ನಿಲ್ಲಂಗಿಲ್ಲ" ಎಂದ. ನನಗೆ ಆ ಸಂಕಟ ಇವತ್ತಿಗೂ ಹೋಗಿಲ್ಲ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದಾಗ ಮೊದಲು ಫೋನ್ ಮಾಡಿದವನು ಅವನೇ. ಇನ್ನಾದರೂ ಕಾವಲು ಹಾಕುತ್ತಾರಲ್ಲ ಎಂದು ಕೇಳಿದ.

ಈಗ ಓದುತ್ತಿರುವ ತಮ್ಮ ತಂಗಿಯರೇ, ಚಳಿಗಾಲದಲ್ಲಿ ಹೋಗಿ. ನೀರು ಜಾಸ್ತಿ ಒಯ್ಯಿರಿ. ಚಪ್ಪಡಿಗಳ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಸಾಧ್ಯವಾದರೆ ಕಲ್ಲಿನ ಕೆಲಸ ಬಲ್ಲ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.