ಇದು ಸೋರುತ್ತೆ ಕಣಪ್ಪ

ಮೊನ್ನೆ ಭಾನುವಾರ ಮೀನಿನ ಟ್ಯಾಂಕಿಗೆ ಸೆಕೆಂಡ್ ಹ್ಯಾಂಡ್ ಫಿಲ್ಟರ್ ನೋಡೋಕೆ ಹೋದ್ರೆ, ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಒಬ್ಬ ಅಂಕಲ್ ಗೇಟ್ ತೆಗೆದು, ಒಳಗೆ ಬನ್ನಿ ಅನ್ನೋಕ್ ಮುಂಚೇನೇ ಹೇಳಿದ್ದು, "ಇದು ಸೋರುತ್ತೆ ಕಣಪ್ಪ, ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಬೈಕೋಬೇಡ." ನಾನೂ ಭಾವನೂ ಮುಖ ಮುಖ ನೋಡ್ಕೊಂಡ್ವಿ. ಮಾರೋಕೆ ಇಟ್ಟಿರೋರು ಹೀಗೆ ಶುರು ಮಾಡಿದ್ರೆ ಕೊಳ್ಳೋಕ್ ಬಂದೋನು ಏನ್ ಮಾತಾಡ್ಬೇಕು ಹೇಳಿ.

ನಮ್ಮನೆ ಟ್ಯಾಂಕ್ ಮೂರಡಿ ಉದ್ದ, ಅಗಲ ಎತ್ತರ ಒಂದೂವರೆ ಒಂದೂವರೆ, ಹೆಚ್ಚುಕಮ್ಮಿ 190 ಲೀಟರ್. ಒಳಗಿರೋದು ಗೋಲ್ಡ್ ಫಿಶ್, ತಿನ್ನೋದು ಕಕ್ಕ ಮಾಡೋದು ಬಿಟ್ರೆ ಅವಕ್ಕೆ ಬೇರೆ ಉದ್ಯೋಗ ಇಲ್ಲ, ಈಗಿರೋ ಸಣ್ಣ ಫಿಲ್ಟರ್ ಸ್ಪಂಜು ಹಿಂಡಿ ಹಿಂಡಿ ನನ್ ಕೈಯೇ ವಾಸನೆ. ಗಂಟೆಗೆ ಟ್ಯಾಂಕಿನ ನೀರು ನಾಲ್ಕೈದು ಸಲ ಸುತ್ಬೇಕು ಅಂತಾರೆ, ಅಂದ್ರೆ 800-1000 ಲೀಟರ್ ಎಳೆಯೋ ಕ್ಯಾನಿಸ್ಟರ್ (ಟ್ಯಾಂಕ್ ಹೊರಗೆ ಇಡೋ ಡಬ್ಬಿ ಥರದ ಫಿಲ್ಟರ್) ಬೇಕು, ಅದೂ ಬಾಕ್ಸ್ ಮೇಲೆ ಬರೆದಿರೋ ನಂಬರ್ ನಂಬಂಗಿಲ್ಲ, ಒಳಗೆ ಬ್ಯಾಕ್ಟೀರಿಯಾ ಕೂರೋ ಸೆರಾಮಿಕ್ ರಿಂಗ್ಸು, ಸ್ಪಂಜು ತುಂಬಿ ಸ್ಟ್ಯಾಂಡ್ ಕೆಳಗಿಂದ ಮೇಲಕ್ಕೆ ನೀರು ಎತ್ತೋ ಹೊತ್ಗೆ ಎಷ್ಟೋ ಇಳಿದಿರುತ್ತೆ. ಎಹೈಮ್, ಫ್ಲೂವಲ್ ಕಂಪನಿಗಳ ಹೊಸದರ ರೇಟ್ ನೋಡಿ ಸುಮ್ನೆ ಫೋನ್ ಪಕ್ಕಕ್ಕಿಟ್ಟೆ. ಹಾಗಾಗಿ ಸೆಕೆಂಡ್ ಹ್ಯಾಂಡ್.

ಅಂಕಲ್‌ಗಿಂತ ಮುಂಚೆ ಸರ್ಜಾಪುರ ಕಡೆ ಒಬ್ಬ ಹುಡುಗನ ಹತ್ರ ಹೋಗಿದ್ವಿ. "ಮಿಂಟ್ ಕಂಡೀಷನ್ ಬ್ರೋ" ಅಂದ. ಪ್ಲಗ್ ಹಾಕಿ ತೋರ್ಸು ಅಂದ್ರೆ ಎಕ್ಸ್‌ಟೆನ್ಶನ್ ಬೋರ್ಡ್ ಇಲ್ವಂತೆ. ನಾಲ್ಕು ಮಾನಿಟರ್ ಓಡ್ತಿರೋ ರೂಮಲ್ಲಿ ಎಕ್ಸ್‌ಟೆನ್ಶನ್ ಬೋರ್ಡ್ ಇಲ್ಲ! ವಾಪಸ್ ಬಂದ್ವಿ.

ಅಂಕಲ್ ಯಾವುದೋ ಫ್ಯಾಕ್ಟರೀಲಿ ಮೇಂಟೆನೆನ್ಸ್‌ನಲ್ಲಿದ್ದು ರಿಟೈರ್ ಆದೋರು, ಮಾತಲ್ಲೇ ಗೊತ್ತಾಗುತ್ತೆ. ಬಕೆಟ್‌ನಲ್ಲಿ ನೀರು ರೆಡಿ ಇತ್ತು, ಪಕ್ಕದಲ್ಲಿ ಹಳೇ ನ್ಯೂಸ್‌ಪೇಪರ್ ಹಾಸಿ ಅದರ ಮೇಲೆ ಕ್ಯಾನಿಸ್ಟರ್ ನಿಲ್ಸಿದ್ರು. ಪೇಪರ್ ಯಾಕೆ ಅಂದ್ರೆ ಒಂದು ಹನಿ ಬಿದ್ರೂ ಕಲೆ ಕಾಣುತ್ತೆ, ಟೈಲ್ಸ್ ಮೇಲೆ ಗೊತ್ತಾಗಲ್ಲ. ಪ್ಲಗ್ ಹಾಕೋ ಮುಂಚೆ ತಲೆಭಾಗ ಬಿಚ್ಚಿ ಇಂಪೆಲ್ಲರ್ (ನೀರು ತಳ್ಳೋ ಪುಟ್ಟ ಚಕ್ರ) ಹೊರಗೆ ತೆಗೆದು ಅದರೊಳಗಿನ ಸೆರಾಮಿಕ್ ಕಡ್ಡಿ ನನ್ ಅಂಗೈ ಮೇಲೆ ಇಟ್ರು. "ಇದು ನೋಡು ಮೊದ್ಲು. ಇದು ಮುರಿದಿದ್ರೆ ಗರಗರ ಅನ್ನುತ್ತೆ. ಕೆಳಗೆ ಬೀಳಿಸ್ಬೇಡ ಮತ್ತೆ, ಬಳೆ ಚೂರಾದಂಗೆ ಆಗುತ್ತೆ." ಇಂಪೆಲ್ಲರ್ ಗೂಡಿನ ಸುತ್ತ ಬೆಳ್ಳಗೆ ಕಟ್ಟಿತ್ತು, ಬೋರ್ ನೀರಿನ ಉಪ್ಪು, ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ಒಂದು ರಾತ್ರಿ ನೆನೆಸಿಡು ಹೋಗುತ್ತೆ ಅಂದ್ರು. ಆಮೇಲೆ ಮುಚ್ಚಳದ ರಬ್ಬರ್ ರಿಂಗ್ ಎಳೆದು ಬೆರಳಲ್ಲಿ ಒತ್ತಿ ತೋರ್ಸಿದ್ರು. ಒರಿಜಿನಲ್ ರಿಂಗ್ ವಯಸ್ಸಾಗಿ ಚಪ್ಪಟೆ ಆಗಿತ್ತಂತೆ, ಹಾರ್ಡ್‌ವೇರ್ ಅಂಗಡಿಗಳ ಎಸ್‌ಜೆಪಿ ರೋಡಲ್ಲಿ ಹುಡುಕಿ ಒಂದು ತಂದು ಹಾಕಿದ್ದಾರೆ, ಒಂದು ಕೂದಲೆಳೆ ದಪ್ಪ ವ್ಯತ್ಯಾಸ, ಕೂರೋ ದಿನ ಕೂರುತ್ತೆ, ಇಲ್ದಿದ್ರೆ ಸೋರುತ್ತೆ. "ಗ್ರೀಸ್ ಹಚ್ಚೋದಾದ್ರೆ ಸಿಲಿಕೋನ್ ಗ್ರೀಸೇ ಹಚ್ಚು, ಕೈಗೆ ಸಿಕ್ಕಿದ್ದೆಲ್ಲ ಬಳಿಬೇಡ."

ಅಷ್ಟಕ್ಕೆ ನಿಲ್ಲಿಸಿದ್ರಾ, ಇಲ್ಲ. ರಿಂಗ್ಸ್ ಒಣಗಿಸಿಟ್ಟು ವರ್ಷ ಆಯ್ತು, ಬ್ಯಾಕ್ಟೀರಿಯಾ ಗೀಕ್ಟೀರಿಯಾ ಒಂದೂ ಉಳಿದಿಲ್ಲ, ಹಾಕಿದ ತಕ್ಷಣ ಮೀನಿನ ಕಕ್ಕದಿಂದ ಬರೋ ಅಮೋನಿಯಾ ತಿಂದ್ಬಿಡುತ್ತೆ ಅಂತ ನಂಬ್ಕೊಂಡು ಹಳೇ ಫಿಲ್ಟರ್ ಕಿತ್ತು ಹಾಕ್ಬೇಡ, ತಿಂಗಳು ಒಂದೂವರೆ ತಿಂಗಳು ಎರಡೂ ಜೊತೇಲಿ ಓಡ್ಸು. ಯಾವಾಗ್ಲೋ ಮೀನಿಗೆ ಕಾಯಿಲೆ ಅಂತ ತಾಮ್ರದ ಔಷಧಿ ಹಾಕಿದ್ದೆ, ತಾಮ್ರ ಸೀಗಡಿಗೆ ವಿಷ, ಸೀಗಡಿ ಸಾಕೋದಾದ್ರೆ ಈ ರಿಂಗ್ಸೇ ಬೇಡ, ಎಸೆದ್ಬಿಡು. ಪೈಪ್ ಗಟ್ಟಿಯಾಗಿದೆ, ಬೇರೆ ತಗೋ. ಒಂದೊಂದು ಹುಳುಕು ಹೇಳಿದಾಗ್ಲೂ ಅವರ ಮುಖದಲ್ಲಿ ಏನೋ ಖುಷಿ, ಮೊಮ್ಮಗನ ತುಂಟಾಟ ಹೇಳೋರ ಹಾಗೆ.

ಭಾವ ಹಳೇ ಬೈಕ್ ತಗೊಂಡು ಮಾರೋದ್ರಲ್ಲಿ ಪಳಗಿದ ಕೈ. ನನ್ನ ಪಕ್ಕಕ್ಕೆ ಎಳೆದು ಕಿವೀಲಿ, "ತಾನಾಗೇ ಇಷ್ಟು ಹೇಳ್ತಿದಾರೆ ಅಂದ್ರೆ ಹೇಳ್ದೆ ಇರೋದು ಇನ್ನೇನೋ ದೊಡ್ಡದಿದೆ ಕಣೋ, ಬಾ ಹೋಗೋಣ" ಅಂದ್ರು. ಭಾವ ಒಳ್ಳೇ ಮನುಷ್ಯ, ಆದ್ರೆ ದೇವರು ಪ್ರತ್ಯಕ್ಷ ಆದ್ರೂ ಆರ್‌ಸಿ ಬುಕ್ ಕೇಳೋ ಜಾತಿ. ಮಜಾ ಅಂದ್ರೆ ನನಗೂ ಅದೇ ಅನ್ನಿಸ್ತಿತ್ತು. ಸರ್ಜಾಪುರದ ಹುಡುಗ ಸುಳ್ಳು ಹೇಳ್ತಿದಾನೆ ಅಂತ ಗೊತ್ತಿದ್ರೂ ಅವನ ಹತ್ರ ನಿಂತಾಗ ಒಂಥರಾ ನಿರಾಳ ಇತ್ತು, ಆಟದ ರೂಲ್ಸ್ ಇಬ್ರಿಗೂ ಗೊತ್ತು. ಇಲ್ಲಿ ನಿಜ ಹೇಳೋರ ಮುಂದೆ ನಿಂತ್ಕೊಂಡು ಕೈ ಕಾಲು ಎಲ್ಲಿಡ್ಬೇಕು ಗೊತ್ತಾಗ್ತಿಲ್ಲ.

ಈ ಊರಲ್ಲಿ ಬಾಡಿಗೆ ಮನೆ ಹುಡುಕಿರೋರಿಗೆ ಇದು ಅರ್ಥ ಆಗುತ್ತೆ. "ನೀರಿಗೆ ಏನೂ ಪ್ರಾಬ್ಲಂ ಇಲ್ಲ ಸರ್, ಟ್ವೆಂಟಿಫೋರ್ ಅವರ್ಸ್ ಕಾವೇರಿ" ಅಂತ ಬ್ರೋಕರ್ ಹೇಳ್ತಾನೆ, ನಾವು ತಲೆ ಆಡಿಸ್ತೀವಿ, ಹೋಗಿ ಮೂರನೇ ದಿನಕ್ಕೆ ಟ್ಯಾಂಕರ್‌ನವನ ನಂಬರ್ ಸೇವ್ ಮಾಡ್ಕೋತೀವಿ, ಯಾರಿಗೂ ಆಶ್ಚರ್ಯ ಆಗಲ್ಲ. ಯಾರಾದ್ರೂ ಓನರ್ ಬಂದು "ಏಪ್ರಿಲ್‌ನಲ್ಲಿ ಬೋರ್ ಬತ್ತುತ್ತೆ, ಬೆಡ್‌ರೂಮ್ ಗೋಡೆ ಮಳೆಗಾಲದಲ್ಲಿ ತೇವ ಬರುತ್ತೆ" ಅಂದಿದ್ರೆ ಆ ಮನೆಗೆ ನಾವು ಹೋಗ್ತಿದ್ವಾ? ಅದೇ ತೇವದ ಇನ್ನೊಂದು ಮನೆಗೆ, ಸುಳ್ಳು ಕೇಳಿಸ್ಕೊಂಡು, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಹೋಗ್ತಿದ್ವಿ.

ಸರಿ, ಅಂಕಲ್ ಪೈಪ್ ಬಾಯಿಗಿಟ್ಟು ಒಂದು ದಮ್ ಎಳೆದು ನೀರು ಇಳಿಸಿ ಪ್ಲಗ್ ಹಾಕಿದ್ರು, ಗುಳುಗುಳು ಅಂತ ಗಾಳಿ ಉಗುಳಿ ಆಮೇಲೆ ಸದ್ದೇ ಇಲ್ಲ, ಕೈ ಇಟ್ರೆ ಮಾತ್ರ ಸಣ್ಣಗೆ ನಡುಕ. ಆಂಟಿ ಕಾಫಿ ಕೊಟ್ರು. ಮೂವರೂ ಆ ಪೇಪರ್ ನೋಡ್ತಾ ಕೂತ್ವಿ. ಕಾಫಿ ಮುಗಿದ ಮೇಲೆ ಕ್ಲಿಪ್ ಕೆಳಗಡೆ ನೀರು ಸೇರಿ ದಪ್ಪ ಆಗಿ ಒಂದು ಹನಿ ಬಿತ್ತು, ಯಾವುದೋ ಸೈಟ್ ಜಾಹೀರಾತಿನ ಮೇಲೆ. "ಹೇಳ್ಲಿಲ್ವಾ!" ಅಂದ್ರು ಅಂಕಲ್, ಗೆದ್ದೋರ ಹಾಗೆ. 4500 ಕೇಳಿದ್ರು, ಭಾವನ ಬಾಯಿಂದ ಚೌಕಾಸಿನ ಒಂದು ಮಾತೂ ಬರಲಿಲ್ಲ. ಇರೋ ತಪ್ಪನ್ನೆಲ್ಲ ಅವರೇ ಎತ್ತಾಡಿಬಿಟ್ಟ ಮೇಲೆ ಇವರು ಯಾವುದನ್ನ ಹಿಡ್ಕೊಂಡು ಕಮ್ಮಿ ಮಾಡ್ಸೋದು?

ಒರಿಜಿನಲ್ ರಿಂಗ್ ಆರ್ಡರ್ ಹಾಕಿ, ಬಂದ ಮೇಲೇನೇ ನಮ್ಮನೇಲಿ ಓಡ್ಸಿದ್ದು, ಈಗ ಒಂದು ಹನಿ ಇಲ್ಲ. ಒಂದೂವರೆ ತಿಂಗಳಾದ್ಮೇಲೆ ನಮ್ಮ ಹಳೇ ಫಿಲ್ಟರ್ ಬೇಡ ಆಗುತ್ತಲ್ಲ, ಅದಕ್ಕೆ ನಿನ್ನೆ ರಾತ್ರಿ ಈಗ್ಲೇ ಆ್ಯಡ್ ಹಾಕ್ದೆ. ಮೊದಲನೇ ಲೈನೇ "ರಾತ್ರಿ ಹೊತ್ತು ಗುಂಯ್ ಅನ್ನುತ್ತೆ, ಸ್ಪಂಜು ಬೇಗ ಕಟ್ಕೊಳ್ಳುತ್ತೆ" ಅಂತ. ಇಲ್ಲೀವರೆಗೂ ಬಂದಿರೋದು ಒಂದೇ ಮೆಸೇಜು: "ಸರ್ ಹಂಗಾದ್ರೆ ಫ್ರೀ ಕೊಡ್ತೀರಾ, ಡೆಲಿವರಿ ನಿಮ್ದೇ."